ಬಾಲಣ್ಣನೂ ನಮ್ಮ ಅಪ್ಪಯ್ಯನೂ

ನಗೆನಟರ ವಿಷಯದಲ್ಲಿ ನಮ್ಮ ಮನೆಯೊಳಗೆ ಮೊದಲಿನಿಂದಲೂ ಎರಡು ಪಕ್ಷಗಳಿದ್ದುವು. ಅಮ್ಮ, ಅಕ್ಕ ಮತ್ತು ನಾನು ನರಸಿಂಹರಾಜು ಪಕ್ಷದವರು. ಅಪ್ಪಯ್ಯ ಒಬ್ಬರೇ ಬಾಲಕೃಷ್ಣ ಪಕ್ಷದವರು. ಮೂರು ಮತಗಳಿಗೆ ಎದುರಾಗಿ ಒಂದೇ ಮತ. ಆದರೂ ಪ್ರತಿಯೊಂದು ಚರ್ಚೆಯಲ್ಲಿಯೂ ಗೆಲ್ಲುತ್ತಿದ್ದವರು ಅಪ್ಪಯ್ಯನೇ. ಏಕೆಂದರೆ ನಮ್ಮ ವಾದ ಅವರಿಗೆ ಕೇಳಿಸುತ್ತಿರಲಿಲ್ಲ.

ಇದು ಹಾಸ್ಯಕ್ಕೆ ಹೇಳಿದ ಮಾತಲ್ಲ. ಅಪ್ಪಯ್ಯನಿಗೆ ಎರಡು ಕಿವಿಗಳೂ ಮಂದ. ನಾನು ಹುಟ್ಟುವುದಕ್ಕೆ ನಾಲ್ಕಾರು ವರ್ಷ ಮೊದಲು ಅವರಿಗೆ ಮಲೆನಾಡಿನ ಚಳಿಜ್ವರ ಬಂದು ತಿಂಗಳುಗಟ್ಟಲೆ ಮಲಗಿದ್ದರಂತೆ. ಎದ್ದು ಕುಳಿತಾಗ ಜ್ವರ ಹೋಗಿದ್ದಿತು, ಅದರ ಜೊತೆಯಲ್ಲಿ ಕಿವಿಯೂ ಹೋಗಿದ್ದಿತು. ಜ್ವರದಿಂದ ಹೋಯಿತೋ, ಜ್ವರಕ್ಕೆ ಕೊಟ್ಟ ಕ್ವಿನೈನಿನಿಂದ ಹೋಯಿತೋ ಎಂಬ ವಿಷಯದಲ್ಲಿ ನಮ್ಮ ಅಜ್ಜಿಗೂ ಡಾಕ್ಟರಿಗೂ ಕೊನೆಯವರೆಗೆ ಒಮ್ಮತವಾಗಲಿಲ್ಲ.

ಚಿಕ್ಕಮಗಳೂರಿನಿಂದ ಮುತ್ತೋಡಿ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಮಲ್ಲಂದೂರು ನಮ್ಮ ಊರು. ಅಪ್ಪಯ್ಯ ಅಲ್ಲಿಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ಪೇಟೆಯ ವಾಚಕರು ರೈಟರೆಂದೊಡನೆ ಕಾದಂಬರಿಕಾರರನ್ನು ನೆನೆದಾರು, ಹಾಗಲ್ಲ. ಬೆಳಗ್ಗೆ ಆಳುಗಳ ಹಾಜರಿ ಹಿಡಿಯುವುದು, ಸಂಜೆ ಯಾರು ಎಷ್ಟು ಹಣ್ಣು ಕೊಯ್ದರೆಂದು ಅಳೆದು ಬರೆಯುವುದು, ವಾರದ ಬಟವಾಡೆಯ ಲೆಕ್ಕವಿಡುವುದು, ಗೊಬ್ಬರದ ಮೂಟೆ ಎಣಿಸುವುದು, ಸಾಹುಕಾರರು ಬೈದಾಗ ಮೇಸ್ತ್ರಿಯನ್ನು ಬೈಯುವುದು, ಇಷ್ಟೂ ಕೆಲಸ ತೋಟದ ರೈಟರದು. ಕಿವಿ ಕೇಳದಿದ್ದರೂ ಇವೆಲ್ಲವನ್ನೂ ಅವರು ಇಪ್ಪತ್ತು ವರ್ಷ ಸಾಂಗವಾಗಿ ನಡೆಸಿದರು. ಅವರ ಅಕ್ಷರ ಮುತ್ತಿನಂತಿತ್ತು. ಲೆಕ್ಕದಲ್ಲಿ ಕಾಸಿನ ವ್ಯತ್ಯಾಸ ಬಂದುದಿಲ್ಲ. ಸಾಹುಕಾರರು ಬೈದುದು ಅವರಿಗೆ ಕೇಳಿಸುತ್ತಿರಲಿಲ್ಲವಾದುದರಿಂದ ಮೇಸ್ತ್ರಿಯೂ ಸುಖವಾಗಿದ್ದನು.

ಕೊಯ್ಲು ಮುಗಿದು ಕಣದಲ್ಲಿ ಕಾಫಿ ಒಣಗುವ ಹೊತ್ತಿಗೆ, ಹೂಮಳೆ ಬೀಳುವುದಕ್ಕೆ ಮುಂಚೆ, ನಮ್ಮ ಕಡೆಗೆ ಡೇರೆ ಸಿನಿಮಾ ಬರುತ್ತಿದ್ದಿತು. ಆಳುಗಳ ಕೈಯಲ್ಲಿ ಆಗ ನಾಲ್ಕು ಕಾಸು ಓಡಾಡುತ್ತಿರುತ್ತದೆಂಬುದು ಆ ಡೇರೆಯವನಿಗೆ ತಿಳಿದಿತ್ತು. ಒಂದೇ ಯಂತ್ರ, ರೀಲು ಮುಗಿದೊಡನೆ ದೀಪ ಹೊತ್ತಿಕೊಳ್ಳುವುದು, ಕಡಲೆಕಾಯಿ ಮಾರುವ ಹುಡುಗ ಒಳಗೆ ನುಗ್ಗುವುದು. ಬೆಂಗಳೂರಿನಲ್ಲಿ ಎರಡು ವರ್ಷದ ಹಿಂದೆ ಬಂದುಹೋದ ಚಿತ್ರ ನಮಗೆ ಹೊಸ ಚಿತ್ರ. ‘ಸ್ಕೂಲ್ ಮಾಸ್ಟರ್’, ‘ರಣಧೀರ ಕಂಠೀರವ’, ‘ಸತ್ಯ ಹರಿಶ್ಚಂದ್ರ’ ಇವನ್ನೆಲ್ಲ ನಾನು ಕಂಡುದು ಆ ಡೇರೆಯೊಳಗೆ, ಕಂಬಳಿ ಹೊದ್ದು ಕುಳಿತು.

ಅಪ್ಪಯ್ಯನಿಗೆ ಬೆಂಚಿನ ಟಿಕೀಟು ಕೊಳ್ಳುವಷ್ಟು ಶಕ್ತಿಯಿದ್ದಿತು. ಆದರೆ ಅವರು ನೆಲದ ಟಿಕೀಟನ್ನೇ ತೆಗೆದುಕೊಂಡು, ಪರದೆಗೆ ಹತ್ತಿರವಾಗಿ, ಲೈನಿನ ಆಳುಗಳ ಹುಡುಗರ ನಡುವೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಅಮ್ಮನೂ ಅಕ್ಕನೂ ಹೆಂಗಸರ ಬೆಂಚಿನ ಮೇಲೆ. ನಾನು ಅಪ್ಪಯ್ಯನ ಪಕ್ಕದಲ್ಲಿ ಕುಳಿತು, ಶಾಲೆಯ ಹುಡುಗರು ಯಾರಾದರೂ ನೋಡಿಯಾರೆಂದು ತಲೆಯ ಮೇಲೆ ಕಂಬಳಿ ಎಳೆದುಕೊಳ್ಳುತ್ತಿದ್ದೆನು. ನಾಲ್ಕಾಣೆ ಉಳಿಸುವ ಜಿಪುಣತನವೆಂದೇ ನಾವೆಲ್ಲರೂ ತಿಳಿದಿದ್ದೆವು.

ಇನ್ನು ಪಕ್ಷಗಳ ವಿಷಯ. ನರಸಿಂಹರಾಜು ಅವರನ್ನು ಮೆಚ್ಚುವುದಕ್ಕೆ ಯಾವ ಪ್ರಯಾಸವೂ ಬೇಕಾಗಿರಲಿಲ್ಲ. ಅವರು ತಿಪಟೂರಿನವರು, ಎಳೆಯ ವಯಸ್ಸಿನಲ್ಲೇ ನಾಟಕ ಕಂಪೆನಿಗಳಲ್ಲಿ ಪಳಗಿ, ರಾಜಕುಮಾರರು ಮೊದಲ ಬಾರಿಗೆ ನಾಯಕರಾದ ೧೯೫೪ರ ‘ಬೇಡರ ಕಣ್ಣಪ್ಪ’ದಲ್ಲಿಯೇ ತಾವೂ ಬೆಳ್ಳಿತೆರೆಗೆ ಬಂದವರು. ಸಣಕಲು ಮೈ, ಮುಂದೆ ಬಂದ ಹಲ್ಲು, ಚಿಮ್ಮುವ ನಡಿಗೆ. ಅವರು ಪರದೆಯ ಮೇಲೆ ಕಾಲಿಟ್ಟೊಡನೆ, ಬಾಯಿ ತೆರೆಯುವುದಕ್ಕೆ ಮುಂಚೆಯೇ, ಡೇರೆ ನಗುತ್ತಿತ್ತು. ಹರಿಶ್ಚಂದ್ರನ ಬೆನ್ನು ಹತ್ತಿ ಸಾಲ ಕೇಳುವ ನಕ್ಷತ್ರಿಕನಾಗಿ ಅವರು ಬಂದಾಗ, ಅಷ್ಟು ದೊಡ್ಡ ದುಃಖದ ಕಥೆಯ ನಡುವೆಯೂ ಜನ ಕಣ್ಣೊರಸಿಕೊಂಡು ನಕ್ಕರು. ಹಾಸ್ಯ ಚಕ್ರವರ್ತಿಯೆಂಬ ಬಿರುದು ಅವರಿಗೆ ಸುಮ್ಮನೆ ಬಂದುದಲ್ಲ. ೧೯೭೯ರಲ್ಲಿ ಅವರು ತೀರಿಕೊಂಡರೆಂಬ ಸುದ್ದಿ ಬಂದ ದಿನ ಅಮ್ಮ ಒಲೆ ಹಚ್ಚಲಿಲ್ಲ.

ಬಾಲಕೃಷ್ಣ ಅವರನ್ನು ಮೆಚ್ಚುವುದು ಅಷ್ಟು ಸುಲಭವಾಗಿರಲಿಲ್ಲ. ಅವರು ಮನೆಮುರುಕ ಸೋದರಮಾವನಾಗುತ್ತಿದ್ದರು. ಬಡ್ಡಿ ತಿನ್ನುವ ಸಾಹುಕಾರನಾಗುತ್ತಿದ್ದರು. ಎರಡೂ ಕಡೆಯಿಂದ ಕಮಿಷನ್ನು ಹೊಡೆಯುವ ಮದುವೆ ದಲ್ಲಾಳಿಯೋ, ಕುತಂತ್ರದ ಶಾನುಭೋಗನೋ ಆಗುತ್ತಿದ್ದರು. ಒಂದು ಚಿತ್ರದಲ್ಲಿ ನಗಿಸಿದವರು ಮತ್ತೊಂದರಲ್ಲಿ ನಾಯಕಿಯ ಕಣ್ಣಿನಲ್ಲಿ ನೀರು ಬರಿಸುವರು. ಕೆಲವೊಮ್ಮೆ ಎರಡನ್ನೂ ಒಂದೇ ಚಿತ್ರದಲ್ಲಿ ಮಾಡುವರು. ಅಮ್ಮನ ದೂರು ಇದೇ ಆಗಿತ್ತು: “ನಗಬೇಕೋ ಶಾಪ ಹಾಕಬೇಕೋ ಗೊತ್ತಾಗೋದಿಲ್ಲ ಆ ಮನುಷ್ಯನನ್ನ ಕಂಡರೆ.” ಅಪ್ಪಯ್ಯ ಇದನ್ನು ಕೇಳಿಸಿಕೊಳ್ಳದೆ, “ಅವನು ನಟ. ಮಿಕ್ಕವರೆಲ್ಲ ವೇಷ,” ಎಂದು ತೀರ್ಪು ಕೊಟ್ಟು ಎಲೆಯಡಿಕೆಯ ಚೀಲ ಬಿಚ್ಚುತ್ತಿದ್ದರು. ನರಸಿಂಹರಾಜು ಅವರಿಗೆ ಇದು ಅನ್ಯಾಯವೆಂದು ನಾನು ಇಂದಿಗೂ ಹೇಳುತ್ತೇನೆ.

ಬಾಲಕೃಷ್ಣ ಅವರು ಅರಸೀಕೆರೆಯಲ್ಲಿ ಬಡತನದಲ್ಲಿ ಹುಟ್ಟಿದವರು. ನಾಟಕದ ಕಂಪೆನಿಗಳಲ್ಲಿ ದೀಪ ಹಿಡಿಯುವುದು, ಭಿತ್ತಿಪತ್ರ ಬರೆಯುವುದು ಮೊದಲಾದ ತೆರೆಮರೆಯ ಕೆಲಸಗಳಿಂದ ಆರಂಭಿಸಿ, ೧೯೪೩ರ ‘ರಾಧಾರಮಣ’ದಲ್ಲಿ ಮೊದಲು ಪರದೆಗೆ ಬಂದರು. ಅಲ್ಲಿಂದ ಮುಂದೆ ಐವತ್ತು ವರ್ಷ, ಐನೂರಕ್ಕೂ ಮಿಕ್ಕ ಚಿತ್ರಗಳು. ನಾಯಕನಟರ ಲೆಕ್ಕವನ್ನು ಜನ ಇಡುತ್ತಾರೆ. ಪೋಷಕ ನಟರ ಲೆಕ್ಕವನ್ನು ಯಾರೂ ಸರಿಯಾಗಿ ಇಟ್ಟಿರುವುದಿಲ್ಲ. ಕನ್ನಡ ಚಿತ್ರಗಳೆಲ್ಲ ಮದರಾಸಿನಲ್ಲಿ ತಯಾರಾಗುತ್ತಿದ್ದ ಕಾಲವದು. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು. ನಟರಿಗೆ ಹೊಟ್ಟೆಗೇ ಕಷ್ಟ. ಆಗ ರಾಜಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು ಮತ್ತು ಬಾಲಕೃಷ್ಣ, ಈ ನಾಲ್ವರೂ ಸೇರಿ ಕಲಾವಿದರ ಸಂಘವೊಂದನ್ನು ಕಟ್ಟಿಕೊಂಡು, ಊರೂರು ಸುತ್ತಿ ನಾಟಕಗಳನ್ನಾಡಿದರು. ೧೯೬೦ರಲ್ಲಿ ‘ರಣಧೀರ ಕಂಠೀರವ’ವನ್ನು ತಾವೇ ತೆಗೆದರು. ನಮ್ಮ ಮನೆಯ ಎರಡು ಪಕ್ಷಗಳ ನಾಯಕರು ಹೀಗೆ ಒಂದೇ ಬಂಡವಾಳದ ಪಾಲುದಾರರಾಗಿದ್ದರೆಂಬುದು ನಮಗೆ ಆಗ ಗೊತ್ತಿದ್ದರೆ ಎಷ್ಟೋ ಜಗಳಗಳು ತಪ್ಪುತ್ತಿದ್ದುವು.

೧೯೬೯ರಲ್ಲಿ ತೋಟದ ಬಂಗಲೆಗೆ ಟೆಲಿಫೋನು ಬಂದಿತು.

ಊರಿಗೆಲ್ಲ ಸಂಭ್ರಮ. ಕಪ್ಪು ಬಣ್ಣದ ಆ ಯಂತ್ರವನ್ನು ನೋಡುವುದಕ್ಕೆ ಆಳುಗಳು ಕಿಟಕಿಯ ಹೊರಗೆ ಸಾಲುಗಟ್ಟಿ ನಿಂತರು. ಸಾಹುಕಾರರು ಅದನ್ನು ತಮ್ಮ ಕೋಣೆಯಲ್ಲಿಡದೆ ರೈಟರ ಮೇಜಿನ ಮೇಲೆ ಇಡಿಸಿದರು. ಗಂಟೆ ಹೊಡೆದಾಗ ಎತ್ತಿ ಮಾತನಾಡಿ ಬರೆದುಕೊಳ್ಳುವುದು ರೈಟರ ಕೆಲಸವಲ್ಲವೆ? ಒಂದು ವಾರ ಅದು ಅಪ್ಪಯ್ಯನ ಮೊಳಕೈಯ ಪಕ್ಕದಲ್ಲಿಯೇ ಗಂಟೆ ಹೊಡೆದುಕೊಂಡಿತು. ಅಪ್ಪಯ್ಯ ತಲೆಯೆತ್ತದೆ ಬಟವಾಡೆಯ ಲೆಕ್ಕ ಬರೆಯುತ್ತಿದ್ದರು. ಎಂಟನೆಯ ದಿನ ಹಾಸನದ ಕಡೆಯ ಒಬ್ಬ ತರುಣನು, ಹದಿನೆಂಟು ರೂಪಾಯಿ ಕಡಿಮೆ ಸಂಬಳಕ್ಕೆ, ಆ ಕುರ್ಚಿಗೆ ಬಂದನು. ಅಪ್ಪಯ್ಯನನ್ನು ಪಲ್ಪರ್ ಮನೆಗೂ ಕಣಕ್ಕೂ ನೋಡಿಕೊಳ್ಳುವವರಾಗಿ ಹಾಕಿದರು. ಅವರ ಸಂಬಳವೂ ತಗ್ಗಿತು. “ಕಿವಿ ಕೇಳದವನಿಗೆ ಅನ್ನ ಹಾಕುತ್ತಿದ್ದೇನೆ, ಅದೇ ಹೆಚ್ಚು,” ಎಂದು ಸಾಹುಕಾರರು ಅಂದರೆಂದು ಊರು ಆಡಿಕೊಂಡಿತು.

ಪಲ್ಪರ್ ಮನೆಯನ್ನು ನೀವು ನೋಡಿಲ್ಲವಾದರೆ ಹೇಳುತ್ತೇನೆ. ಕೊಯ್ದ ಹಣ್ಣನ್ನು ಅಂದೇ ಯಂತ್ರಕ್ಕೆ ಹಾಕಿ ಸಿಪ್ಪೆ ಬಿಡಿಸಬೇಕು. ಬೀಜವನ್ನು ತೊಟ್ಟಿಯಲ್ಲಿ ಕೊಳೆಹಾಕಿ, ತೊಳೆದು, ಕಣಕ್ಕೆ ಸಾಗಿಸಬೇಕು. ಯಂತ್ರದ ಸದ್ದು, ನೀರಿನ ಸದ್ದು, ಎಂಜಿನ್ನಿನ ಸದ್ದು, ಇವುಗಳ ನಡುವೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅಲ್ಲಿ ಕಾಲಿಟ್ಟವರೆಲ್ಲರೂ ಕಿವುಡರೇ. ಅಪ್ಪಯ್ಯನಿಗೆ ಮಾತ್ರ ಯಾವ ತೊಂದರೆಯೂ ಆಗಲಿಲ್ಲ. ಇಪ್ಪತ್ತು ಮಾರು ದೂರದಲ್ಲಿ ನಿಂತ ಹೆಂಗಸು “ತೊಟ್ಟಿ ತುಂಬಿತು” ಎಂದು ಬಾಯಾಡಿಸಿದರೆ, ಪಕ್ಕದಲ್ಲಿರುವ ಮೇಸ್ತ್ರಿಗೆ ತಿಳಿಯದು, ಅಪ್ಪಯ್ಯನಿಗೆ ತಿಳಿಯುವುದು. “ರೈಟರಯ್ಯನಿಗೆ ಪಲ್ಪರ್ ಮನೆಯಲ್ಲಿ ಕಿವಿ ಬರುತ್ತದೆ,” ಎಂದು ಆಳುಗಳು ತಮಾಷೆ ಮಾಡುತ್ತಿದ್ದರು. ನಾನೂ ನಕ್ಕಿದ್ದೆನು. ಆ ತಮಾಷೆಯೊಳಗೆ ಏನಿದೆಯೆಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಈಗ ಹೇಳಬೇಕಾದುದನ್ನು ಹೇಳಿಬಿಡುತ್ತೇನೆ.

೧೯೭೦ರಲ್ಲಿ ನಾನು ಚಿಕ್ಕಮಗಳೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆನು. ತೋಟದ ಮಾಲೀಕರ ಮಕ್ಕಳು, ವಕೀಲರ ಮಕ್ಕಳು ನನ್ನ ಗೆಳೆಯರು. ನಾನೂ ತೋಟದವನೇ ಎಂದು ಹೇಳಿಕೊಂಡಿದ್ದೆನು. ತೋಟದಲ್ಲಿ ಹುಟ್ಟಿದವನು ತೋಟದವನಲ್ಲದೆ ಮತ್ತೇನು? ಸುಳ್ಳೂ ಅಲ್ಲ, ನಿಜವೂ ಅಲ್ಲ. ಒಂದು ಶನಿವಾರ ಮಧ್ಯಾಹ್ನ ನಾವು ನಾಲ್ಕು ಜನ ಬಸ್ ಸ್ಟ್ಯಾಂಡಿನ ಬಳಿ ಹೋಟೆಲಿನ ಮೆಟ್ಟಿಲ ಮೇಲೆ ನಿಂತಿದ್ದಾಗ ಮಲ್ಲಂದೂರಿನ ಬಸ್ಸು ಬಂದಿತು. ಅದರಿಂದ ಅಪ್ಪಯ್ಯ ಇಳಿದರು. ಮೊಳಕೈಗೆ ತೇಪೆ ಹಾಕಿದ ಕೋಟು, ಪಂಚೆಗೆ ಕಾಫಿಯ ತೊಗಟೆಯ ಕಲೆ, ಕೈಯಲ್ಲಿ ಹಪ್ಪಳದ ಡಬ್ಬಿಯಿರುವ ಬಟ್ಟೆಯ ಚೀಲ. ಕಂಡಕ್ಟರನೊಡನೆ ಚಿಲ್ಲರೆಗಾಗಿ ಏನೋ ಹೇಳುತ್ತಿದ್ದರು. ಕಿವಿ ಕೇಳದವರ ದನಿ ನಿಮಗೆ ಗೊತ್ತಲ್ಲ. ತಮಗೆ ಕೇಳಿಸದೆಂದು ಊರಿಗೆಲ್ಲ ಕೇಳಿಸುವಂತೆ ಮಾತನಾಡುತ್ತಾರೆ. ಸ್ಟ್ಯಾಂಡಿನಲ್ಲಿದ್ದವರು ತಿರುಗಿ ನೋಡಿ ನಗುತ್ತಿದ್ದರು.

ಅವರು ನನ್ನನ್ನು ನೋಡಿದರು. ನಮ್ಮ ಕಡೆಗೆ ಬರತೊಡಗಿದರು.

“ಯಾರೋ ಅದು? ನಿನ್ನನ್ನೇ ನೋಡ್ಕೊಂಡು ಬರ್ತಿದಾರೆ,” ಎಂದನು ಒಬ್ಬ ಗೆಳೆಯ.

“ನಮ್ಮ ತೋಟದ ರೈಟರು,” ಎಂದೆನು ನಾನು. “ಮನೆಯಿಂದ ಸಾಮಾನು ಕೊಟ್ಟು ಕಳಿಸಿರಬೇಕು.”

ಅಪ್ಪಯ್ಯ ಆಗ ಹತ್ತು ಹೆಜ್ಜೆ ದೂರದಲ್ಲಿದ್ದರು. ಮೆಲ್ಲಗೆ ಹೇಳಿದ್ದೆ, ಕಿವಿ ಸರಿಯಾಗಿದ್ದವನಿಗೂ ಅಷ್ಟು ದೂರಕ್ಕೆ ಕೇಳುತ್ತಿರಲಿಲ್ಲ. ಹತ್ತಿರ ಬಂದು ಅವರೆಲ್ಲಿ ಬಾಯಿ ತುಂಬ “ಮಗಾ” ಎಂದುಬಿಡುತ್ತಾರೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿದ್ದಿತು. ಅವರು ಬಂದು, ಮೆಟ್ಟಿಲ ಕೆಳಗೆಯೇ ನಿಂತು, ಚೀಲವನ್ನು ಎರಡೂ ಕೈಗಳಿಂದ ಮೇಲಕ್ಕೆತ್ತಿ ಕೊಟ್ಟರು. “ತಗೊಳ್ಳಿ ಸ್ವಾಮಿ. ಜೋಪಾನ,” ಎಂದರು. ದನಿ ಎಂದಿನಂತೆ ದೊಡ್ಡದಾಗಿರಲಿಲ್ಲ. ತಲೆಯನ್ನು ಸ್ವಲ್ಪ ಬಾಗಿಸಿ, ಹಿಂತಿರುಗಿ, ಸಂತೆಯ ದಾರಿ ಹಿಡಿದು ಹೊರಟುಹೋದರು.

ನನಗೆ ಆಶ್ಚರ್ಯವಾಯಿತು. ಆದರೆ ಮರ್ಯಾದೆ ಉಳಿಯಿತೆಂಬ ಸಮಾಧಾನದ ಮುಂದೆ ಆಶ್ಚರ್ಯ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಮ್ಮ ಕಡೆ ಹಿರಿಯರು ಮಕ್ಕಳನ್ನು ವಿನೋದಕ್ಕೆ “ಬನ್ನಿ ಸ್ವಾಮಿ, ಹೋಗಿ ಸ್ವಾಮಿ” ಎನ್ನುವುದುಂಟು. ಹಾಗೆಯೇ ಅಂದಿರಬೇಕೆಂದುಕೊಂಡು, ಆ ರಾತ್ರಿ ಹಪ್ಪಳ ತಿಂದೆನು.

‘ಬಂಗಾರದ ಮನುಷ್ಯ’ ತೆರೆಗೆ ಬಂದುದು ೧೯೭೨ರಲ್ಲಿ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿದ ಕಥೆ ಎಲ್ಲರಿಗೂ ತಿಳಿದುದೇ. ಟಿ. ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, ರಾಜಕುಮಾರರ ರಾಜೀವಪ್ಪ. ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಮರಳಿ ನೇಗಿಲು ಹಿಡಿದ ತರುಣರುಂಟೆಂದು ಹೇಳುತ್ತಾರೆ. ನಾನು ಅಂಥವನಲ್ಲ, ಅದನ್ನು ನೋಡಿದ ಮೇಲೂ ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದೆನು. ಆದರೆ ಆ ಚಿತ್ರ ನನ್ನನ್ನು ಬೇರೊಂದು ವಿಧದಲ್ಲಿ ಹಿಡಿದುಹಾಕಿತು.

ಚಿಕ್ಕಮಗಳೂರಿನ ಟಾಕೀಸಿಗೆ ಅದು ಬಂದಾಗ ಅಪ್ಪಯ್ಯ ಊರಿನಿಂದ ಬಂದು ನನ್ನನ್ನು ಕರೆದುಕೊಂಡು ಹೋದರು. ಎಂದಿನಂತೆ ಮುಂದಿನ ಸಾಲು. ಬಾಲಕೃಷ್ಣ ಅವರು ಅದರಲ್ಲಿ ರಾಚೂಟಪ್ಪ. ಹಳ್ಳಿಯ ಹಿರಿಯ, ನಾಲಗೆ ಚುರುಕು, ಒಳಗೆ ಬೆಣ್ಣೆ. ಹತ್ತಾರು ವರ್ಷ ಮನೆಮುರುಕನಾಗಿ ಶಾಪ ತಿಂದ ಮನುಷ್ಯ ಇಲ್ಲಿ ರಾಜೀವಪ್ಪನ ಬೆನ್ನಿಗೆ ನಿಂತ ಬಂಡೆ. ಅವರು ಪರದೆಗೆ ಬಂದಾಗಲೆಲ್ಲ ಸಭೆ ನಗುತ್ತಿತ್ತು. ಪಕ್ಕದಲ್ಲಿ ಅಪ್ಪಯ್ಯನೂ ನಗುತ್ತಿದ್ದರು. ಮೂರನೆಯ ಬಾರಿಯೋ ನಾಲ್ಕನೆಯ ಬಾರಿಯೋ ನನಗೆ ಏನೋ ವಿಚಿತ್ರವೆನಿಸಿತು. ಸಭೆ ನಕ್ಕಿತೆಂದು ನೋಡಿಕೊಂಡು ಅಪ್ಪಯ್ಯ ನಗುತ್ತಿರಲಿಲ್ಲ. ಅಪ್ಪಯ್ಯ ಮೊದಲು ನಗುತ್ತಿದ್ದರು. ಸಭೆ ಆಮೇಲೆ ನಗುತ್ತಿತ್ತು. ಮಾತು ಇನ್ನೂ ಬಾಯಿಂದ ಪೂರ್ತಿ ಹೊರಬೀಳುವುದರೊಳಗೆ ಅವರಿಗೆ ಅದು ಮುಟ್ಟಿಬಿಟ್ಟಿರುತ್ತಿತ್ತು.

ನಾನು ಪರದೆಯನ್ನು ಬಿಟ್ಟು ಅಪ್ಪಯ್ಯನನ್ನೇ ನೋಡತೊಡಗಿದೆನು. ಅವರ ಕಣ್ಣುಗಳು ಬಾಲಕೃಷ್ಣರ ಬಾಯಿಯ ಮೇಲೆ ನೆಟ್ಟಿದ್ದುವು. ಬೇರೊಬ್ಬ ನಟ ಬಂದರೆ ಅವನ ಬಾಯಿಗೆ ಹೋಗುತ್ತಿದ್ದುವು. ಬೆನ್ನು ತಿರುಗಿಸಿ ಮಾತನಾಡುವ ನಟನಿದ್ದರೆ ಬೇಸರದಿಂದ ಮುಖ ಸಿಂಡರಿಸುತ್ತಿದ್ದರು. ನೆಲದ ಟಿಕೀಟಿನ ಗುಟ್ಟು ನನಗೆ ಆ ಕ್ಷಣದಲ್ಲಿ ತಿಳಿಯಿತು.

ಇಂಟರ್ವಲ್ ಆಯಿತು, ದೀಪ ಹೊತ್ತಿತು. ನಾನು ಅಪ್ಪಯ್ಯನ ಕಡೆ ತಿರುಗಿ, ದನಿ ತೆಗೆಯದೆ, ತುಟಿ ಮಾತ್ರ ಅಲುಗಿಸಿ, “ನೀರು ಬೇಕೇ?” ಎಂದೆನು.

“ಬೇಡ ಮಗಾ. ನೀನು ಬೇಕಾದರೆ ಸೋಡಾ ಕುಡಿ,” ಎಂದರು ಅಪ್ಪಯ್ಯ.

ನನಗೆ ಮೈಯೆಲ್ಲ ತಣ್ಣಗಾಯಿತು. ಹತ್ತು ಹೆಜ್ಜೆ, ಹೋಟೆಲಿನ ಮೆಟ್ಟಿಲು, ಹಗಲು ಹೊತ್ತು, ನನ್ನ ಮುಖ ಅವರ ಕಡೆಗೇ ಇತ್ತು. ‘ನಮ್ಮ ತೋಟದ ರೈಟರು.’ ಪಲ್ಪರ್ ಮನೆಯಲ್ಲಿ ಇಪ್ಪತ್ತು ಮಾರಿನ ಮಾತು ಓದುವ ಮನುಷ್ಯನಿಗೆ ಹತ್ತು ಹೆಜ್ಜೆಯ ಮಾತು ಕಾಣದೆ ಹೋದೀತೇ? ಆ ದಿನ ಅವರು ವಿನೋದ ಮಾಡಿರಲಿಲ್ಲ. ಮಗ ಕೊಟ್ಟ ಪಾತ್ರವನ್ನು ಸ್ವೀಕರಿಸಿ, ತಾಲೀಮಿಲ್ಲದೆ, ಒಂದು ತಪ್ಪೂ ಮಾಡದೆ ಅಭಿನಯಿಸಿ ಹೋಗಿದ್ದರು. ತಲೆ ಬಾಗಿಸಿದುದೂ, ದನಿ ತಗ್ಗಿಸಿದುದೂ ಆ ಪಾತ್ರಕ್ಕೆ ಸೇರಿದುದೇ. ಶಾಲೆಯ ಅರ್ಜಿಗಳಲ್ಲಿ ‘ಪೋಷಕರು’ ಎಂದು ಅಚ್ಚಾಗಿರುವ ಜಾಗದಲ್ಲಿ ಅವರು ಮುತ್ತಿನಂಥ ಅಕ್ಷರದಲ್ಲಿ ತಮ್ಮ ಹೆಸರು ಬರೆಯುತ್ತಿದ್ದುದು ನನಗೇಕೋ ನೆನಪಾಯಿತು. ಚಿತ್ರದ ಉತ್ತರಾರ್ಧವನ್ನು ನಾನು ನೋಡಲಿಲ್ಲ. ರಾಜೀವಪ್ಪ ಮನೆ ಬಿಟ್ಟು ಹೋಗುವಾಗ ಸಭೆಯೆಲ್ಲ ಅತ್ತಿತು. ನಾನು ಅತ್ತುದೂ ಅದಕ್ಕೇ ಎಂದು ಅಪ್ಪಯ್ಯ ತಿಳಿದಿರಬಹುದು.

ರಜೆಗೆ ಊರಿಗೆ ಹೋದಾಗ ಅಮ್ಮನನ್ನು ಕೇಳಿದೆನು, ಅಪ್ಪಯ್ಯ ತುಟಿ ನೋಡಿ ಮಾತು ತಿಳಿಯುತ್ತಾರೆಂದು ಗೊತ್ತೇ ಎಂದು. ಅಮ್ಮ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು. “ಇಷ್ಟು ವರ್ಷ ನಾನು ಒಲೆಯ ಕಡೆ ಮುಖ ಮಾಡಿಕೊಂಡು ಯಾಕೆ ಬೈತಿದ್ದೆ ಅಂತ ತಿಳಿದಿದ್ದೀಯೋ?” ಎಂದಳು. ಹಾಗಾದರೆ ನಾನೂ ಅಕ್ಕನೂ ಅವರ ಕಿವಿಯ ಬಳಿ ಗಂಟಲು ಹರಿದುಕೊಂಡುದೆಲ್ಲ ವ್ಯರ್ಥ. ಪಕ್ಷಗಳ ಚರ್ಚೆಯಲ್ಲಿ ನಮ್ಮ ವಾದವೆಲ್ಲ ಅವರಿಗೆ ಚೆನ್ನಾಗಿಯೇ ಮುಟ್ಟಿತ್ತು! ಬೇಡವಾದುದನ್ನು ಮಾತ್ರ ಅವರು ಕೇಳಿಸಿಕೊಂಡಿರಲಿಲ್ಲ.

ಇದಾದ ಒಂದೆರಡು ವರ್ಷದ ಮೇಲೆ ವಾರಪತ್ರಿಕೆಯೊಂದರ ಸಿನಿಮಾ ಪುಟದಲ್ಲಿ ಬಾಲಕೃಷ್ಣ ಅವರಿಗೆ ಕಿವಿ ಕೇಳುವುದಿಲ್ಲವೆಂದು ಓದಿದೆನು. ಇಂದು ಇದು ಎಲ್ಲರಿಗೂ ತಿಳಿದ ಸಂಗತಿ. ನನಗೆ ಅಂದು ಹೊಸದು. ಅವರು ಎದುರಿನ ನಟರ ತುಟಿಗಳ ಚಲನೆಯನ್ನು ನೋಡಿ, ತಮ್ಮ ಮಾತಿನೊಡನೆ ಅವರ ಮಾತುಗಳನ್ನೂ ಮನದಟ್ಟು ಮಾಡಿಕೊಂಡು, ಎಲ್ಲಿ ನಿಲ್ಲಬೇಕು, ಎಲ್ಲಿ ಹಿಡಿಯಬೇಕು ಎಂಬುದನ್ನು ಸಾಧಿಸುತ್ತಿದ್ದರು. ನಗೆನಟನಿಗೆ ಎಲ್ಲಕ್ಕಿಂತ ಮುಖ್ಯವಾದುದು ಹೊತ್ತು. ಒಂದು ಚಿಟಿಕೆಯಷ್ಟು ಮೊದಲಾದರೆ ನಗೆಯಿಲ್ಲ, ಒಂದು ಚಿಟಿಕೆ ತಡವಾದರೂ ಇಲ್ಲ. ಆ ಹೊತ್ತನ್ನು ಉಳಿದವರು ಕಿವಿಯಿಂದ ಅಳೆಯುತ್ತಾರೆ. ಇವರು ಕಣ್ಣಿನಿಂದ ಅಳೆದರು. ಎದುರಿನವನ ಮಾತು ತಪ್ಪಿದರೆ, ತುಟಿ ಮರೆಯಾದರೆ, ಕೈಬಿಟ್ಟು ಹೋಗುವಂಥ ದಾರಿಯಲ್ಲಿ ಐನೂರು ಚಿತ್ರಗಳಷ್ಟು ದೂರ ನಡೆದರು. ಅವರು ಪದಗಳನ್ನು ಬಿಡಿಸಿ, ಬಾಯಿ ತುಂಬ, ಮುಖದ ಒಂದೊಂದು ಗೆರೆಯನ್ನೂ ದುಡಿಸಿ ಮಾತನಾಡುತ್ತಿದ್ದುದಕ್ಕೆ ನಾಟಕದ ಅಭ್ಯಾಸ ಕಾರಣವೆಂದು ಬಲ್ಲವರು ಹೇಳಿಯಾರು, ಇರಬಹುದು. ಮಾತೆಂಬುದು ಕಾಣುವ ವಸ್ತುವೂ ಹೌದೆಂಬುದನ್ನು ಅವರಷ್ಟು ತಿಳಿದವರು ಮಾತ್ರ ವಿರಳ.

ಪತ್ರಿಕೆಯನ್ನು ಅಪ್ಪಯ್ಯನಿಗೆ ತೋರಿಸಿದೆನು. ಓದಿ, ಮಡಿಸಿ, ಪಕ್ಕಕ್ಕಿಟ್ಟರು. “ಇದನ್ನು ಪತ್ರಿಕೆಯವರು ಹೇಳಬೇಕೇ? ಅವನು ಯಾವಾಗಲಾದರೂ ಎದುರಿನವನ ಕಣ್ಣು ನೋಡಿ ಮಾತಾಡಿದ್ದಾನೆಯೇ? ಬಾಯಿ ನೋಡುತ್ತಾನೆ. ನಮ್ಮವನು ಅಂತ ನನಗೆ ಡೇರೆಯಲ್ಲೇ ಗೊತ್ತಾಯಿತು,” ಎಂದರು.

‘ನಮ್ಮವನು’ ಎಂಬ ಆ ಮಾತು ನನಗೆ ಬಹಳ ದಿನ ಕಾಡಿತು. ಪರದೇಶಗಳಲ್ಲಿಯೂ ಹೀಗೆ ಆಗಿರುವುದುಂಟೆಂದು ಆಮೇಲೆ ಓದಿ ತಿಳಿದೆನು. ಮೂಕಿ ಚಿತ್ರಗಳ ಕಾಲದಲ್ಲಿ ಅಮೆರಿಕದ ಕಿವುಡರಿಗೆ ಸಿನಿಮಾ ಎಲ್ಲರೊಡನೆ ಸಮನಾಗಿ ಕುಳಿತು ನೋಡುವ ಸುಖವಾಗಿತ್ತಂತೆ. ಚಾರ್ಲಿ ಚಾಪ್ಲಿನ್ನರ ಸ್ನೇಹಿತರಲ್ಲಿ ಗ್ರಾನ್‌ವಿಲ್ ರೆಡ್ಮಂಡ್ ಎಂಬ ಕಿವುಡ ಚಿತ್ರಕಾರರಿದ್ದರು. ಚಾಪ್ಲಿನ್ನರ ಕೆಲವು ಚಿತ್ರಗಳಲ್ಲಿ, ೧೯೩೧ರ ‘ಸಿಟಿ ಲೈಟ್ಸ್’ನಲ್ಲಿಯೂ, ಸಣ್ಣ ಪಾತ್ರಗಳನ್ನು ವಹಿಸಿದ್ದರು. ೧೯೨೭ರಲ್ಲಿ ಚಿತ್ರಗಳಿಗೆ ಮಾತು ಬಂದಿತು, ಲೋಕವೆಲ್ಲ ಹಿಗ್ಗಿತು, ಕಿವುಡರಿಗೆ ಬಾಗಿಲು ಮುಚ್ಚಿತು. ಕನ್ನಡಕ್ಕೆ ಮಾತು ಬಂದುದು ೧೯೩೪ರ ‘ಸತಿ ಸುಲೋಚನ’ದಿಂದ. ಮಾತೇ ಮಾತಾದ ನಮ್ಮ ಚಿತ್ರಗಳ ನಡುವೆ ಬಾಲಕೃಷ್ಣ ಎಂಬುವರೊಬ್ಬರು ಅಪ್ಪಯ್ಯನಂಥವರಿಗಾಗಿ ಬಾಗಿಲನ್ನು ಒಂದು ಅಂಗುಲ ತೆರೆದಿಟ್ಟಿದ್ದರು, ಬಹುಶಃ ತಮಗೇ ಗೊತ್ತಿಲ್ಲದೆ.

ನಾನು ಬೆಂಗಳೂರಿನಲ್ಲಿ ಮನೆ ಮಾಡಿದ ಮೇಲೆ ಅಪ್ಪಯ್ಯ ಅಮ್ಮ ನನ್ನೊಡನೆ ಬಂದರು. ಕೆಂಗೇರಿಯ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಅಭಿಮಾನ್ ಸ್ಟುಡಿಯೋವಿನ ದಿಕ್ಕನ್ನು ನಾನು ತೋರಿಸಿದುದುಂಟು. ಕನ್ನಡ ಚಿತ್ರಗಳು ಕನ್ನಡದ ನೆಲದಲ್ಲೇ ತಯಾರಾಗಬೇಕೆಂಬ ಹಟದಿಂದ ಬಾಲಕೃಷ್ಣ ಅವರು ೧೯೬೦ರ ದಶಕದಲ್ಲಿ ಸರಕಾರದಿಂದ ಭೂಮಿ ಪಡೆದು ಅದನ್ನು ಕಟ್ಟಲು ಹೊರಟರು. ನಟಿಸಿ ಗಳಿಸಿದುದನ್ನೆಲ್ಲ ಅದಕ್ಕೆ ಸುರಿದರು. ಸಾಲ ಬೆಳೆಯಿತು, ಸ್ಟುಡಿಯೋ ಅವರು ಕಂಡ ಕನಸಿನಷ್ಟು ಎತ್ತರಕ್ಕೆ ಬೆಳೆಯಲಿಲ್ಲ. ಪರದೆಯ ಮೇಲೆ ಊರಿನವರ ಆಸ್ತಿ ನುಂಗಿದ ಮನುಷ್ಯ ಪರದೆಯ ಹೊರಗೆ ತಮ್ಮದನ್ನೂ ಉಳಿಸಿಕೊಳ್ಳಲಿಲ್ಲ. ೨೦೦೯ರ ಡಿಸೆಂಬರಿನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆದುದು ಅಲ್ಲಿಯೇ. ೨೦೨೫ರ ಆಗಸ್ಟಿನಲ್ಲಿ ಅಲ್ಲಿದ್ದ ಅವರ ಸಮಾಧಿಯನ್ನು ಕೆಡವಿದಾಗ ಆ ಜಾಗದ ಹೆಸರು ಮತ್ತೆ ಪತ್ರಿಕೆಗಳಲ್ಲಿ ಬಂದಿತು. ಕಟ್ಟಿದವರ ಹೆಸರನ್ನು ಮಾತ್ರ ಹುಡುಕಿ ಓದಬೇಕಾಗಿತ್ತು.

ಟೆಲಿವಿಷನ್ ಬಂದ ಮೇಲೆ ಭಾನುವಾರ ಸಂಜೆಯ ಕನ್ನಡ ಚಿತ್ರ ಅಪ್ಪಯ್ಯನ ದೊಡ್ಡ ಹಬ್ಬವಾಗಿತ್ತು. ಪೆಟ್ಟಿಗೆಗೆ ಒಂದು ಮೊಳ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂರುವರು. “ತಾತಾ, ಕಣ್ಣು ಹೋಗತ್ತೆ,” ಎಂದು ನನ್ನ ಮಗಳು ಎಳೆಯುವಳು. ಬಾಲಕೃಷ್ಣ ಬಂದಾಗ ತಾತ ನಗುವನು, ತಾತ ನಕ್ಕುದನ್ನು ನೋಡಿ ಮೊಮ್ಮಗಳು ನಗುವಳು, ಆಮೇಲೆ ನಾವು. ನಮ್ಮ ಮನೆಯಲ್ಲಿ ನಗೆ ಆ ಕ್ರಮದಲ್ಲಿ ಬರುತ್ತಿತ್ತು.

ಬಸ್ ಸ್ಟ್ಯಾಂಡಿನ ಮಾತನ್ನು ಈ ಇಪ್ಪತ್ತೈದು ವರ್ಷಗಳಲ್ಲಿ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಎಷ್ಟೋ ಸಲ ನಾಲಗೆಯ ತುದಿಗೆ ಬಂದಿತ್ತು. ನನಗೆ ಮದುವೆಯಾದಾಗ, ಮಗಳು ಹುಟ್ಟಿದಾಗ, ಅಮ್ಮ ತೀರಿಕೊಂಡ ರಾತ್ರಿ. ಪ್ರತಿಸಲವೂ ನುಂಗಿಕೊಂಡೆನು.

೧೯೯೫ರ ಜುಲೈ ತಿಂಗಳಲ್ಲಿ ಒಂದು ದಿನ ಬಾಲಕೃಷ್ಣ ಅವರು ತೀರಿಕೊಂಡ ಸುದ್ದಿ ಬಂದಿತು. ಮಳೆ ಹಿಡಿದಿತ್ತು. ಅಪ್ಪಯ್ಯ ಕಿಟಕಿಯ ಬಳಿ ಬೆತ್ತದ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತಿದ್ದರು. ನಾನು ಅವರೆದುರಿಗೆ ಮೋಡ ಕವಿದ ಬೆಳಕಿನಲ್ಲಿ ಮುಖ ಚೆನ್ನಾಗಿ ಕಾಣುವಂತೆ ಕುಳಿತು, ದನಿ ತೆಗೆಯದೆ ಹೇಳಿದೆನು:

“ಬಾಲಣ್ಣ ಹೋದರಂತೆ, ಅಪ್ಪಯ್ಯ.”

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಎಷ್ಟು ಜನರ ಮಾತು ಬಾಯಿಪಾಠ ಮಾಡಿದ್ದನೋ ಪುಣ್ಯಾತ್ಮ. ತನ್ನದೂ ಸೇರಿಸಿ,” ಎಂದರು.

ಏಕೋ ಆಗ ನನಗೆ ಧೈರ್ಯ ಬಂದಿತು. ಇನ್ನೂ ತಡಮಾಡಿದರೆ ಹೇಳುವುದಕ್ಕೆ ಎದುರಿಗೆ ಯಾರೂ ಇರುವುದಿಲ್ಲವೆನಿಸಿತು. “ಅಪ್ಪಯ್ಯ,” ಎಂದೆನು, “ನಾನು ಹೈಸ್ಕೂಲಿನಲ್ಲಿದ್ದಾಗ, ಆ ದಿನ ಬಸ್ ಸ್ಟ್ಯಾಂಡಿನಲ್ಲಿ…”

ಅಪ್ಪಯ್ಯ ನನ್ನ ತುಟಿಗಳನ್ನು ಅಷ್ಟರವರೆಗೆ ನೋಡಿದರು. ಆಮೇಲೆ ಮೆಲ್ಲಗೆ ಕಣ್ಣು ಮುಚ್ಚಿಕೊಂಡರು.

ನಾನು ಹೇಳಬೇಕೆಂದಿದ್ದುದನ್ನೆಲ್ಲ ಹೇಳಿ ಮುಗಿಸಿದೆನು. ಮಳೆಯ ಸದ್ದಿನಲ್ಲಿ ನನಗೇ ಅದು ಸರಿಯಾಗಿ ಕೇಳಲಿಲ್ಲ. ನಾನು ನಿಲ್ಲಿಸಿ ಎಷ್ಟೋ ಹೊತ್ತಾದ ಮೇಲೆ ಅವರು ಕಣ್ಣು ತೆರೆದು, ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ಬೀದಿಗೆಲ್ಲ ಕೇಳುವಂತೆ ದೊಡ್ಡ ದನಿಯಲ್ಲಿ ಕೇಳಿದರು:

“ಮಗಾ, ಕಾಫಿ ಆಯಿತೇನೋ?”